ರಿಯಾಯಿತಿ ಒಲ್ಲೆನೆಂದ ಸಿಸ್ಟರ್ ಡೊರೊಥಿ

2001ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ನ್ಯಾಯಾಲಯವೊಂದರಲ್ಲಿ ಅಕ್ಕತಂಗಿಯರಿಬ್ಬರು ಆರೋಪಿಗಳಾಗಿ ನಿಂತಿದ್ದರು. ಇಬ್ಬರೂ ಡ್ಯುಬ್ಯೂಕ್ ಊರಿನ ಫ್ರಾನ್ಸಿಸ್ಕನ್ ಸನ್ಯಾಸಿನಿಯರು. ಅಕ್ಕ ಡೊರೊಥಿ ಹೆನ್ನೆಸಿಗೆ 88 ವರ್ಷ, ತಂಗಿ ಗ್ವೆನ್‌ಗೆ 68. ಹಿಂದಿನ ನವೆಂಬರಿನಲ್ಲಿ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯ ಗಡಿ ದಾಟಿ ಒಳಗೆ ನಡೆದದ್ದೇ ಅವರ ಅಪರಾಧ. ನ್ಯಾಯಾಧೀಶರು ಆರು ತಿಂಗಳ ಸಜೆ ಕೊಟ್ಟರು. ಡೊರೊಥಿಯವರ ವಯಸ್ಸು ನೋಡಿ, ಬೇಕಿದ್ದರೆ ಮಠದಲ್ಲೇ ಉಳಿದು ಶಿಕ್ಷೆ ಕಳೆಯಬಹುದು ಎಂದರು. ಆಕೆ ಒಪ್ಪಲಿಲ್ಲ. ಜೊತೆಯವರಿಗೆ ಏನು ಶಿಕ್ಷೆಯೋ ತನಗೂ ಅದೇ ಆಗಲೆಂದು ಕೇಳಿ, ತಂಗಿಯೊಂದಿಗೆ ಅಮೆರಿಕದ್ದೇ ಪೆಕಿನ್ ಎಂಬ ಊರಿನ ಜೈಲಿಗೆ ಹೋದರು.

ಆ ನೆಲೆಯೊಳಗಿದ್ದ 'ಸ್ಕೂಲ್ ಆಫ್ ದಿ ಅಮೆರಿಕಾಸ್' ಎಂಬ ಸೇನಾ ಶಾಲೆಯ ವಿರುದ್ಧ ಅವರ ಪ್ರತಿಭಟನೆ. 1946ರಲ್ಲಿ ಪನಾಮಾದಲ್ಲಿ ಶುರುವಾಗಿ 1984ರಲ್ಲಿ ಇಲ್ಲಿಗೆ ಬಂದ ಈ ಶಾಲೆ ಲ್ಯಾಟಿನ್ ಅಮೆರಿಕದ ಸೇನಾಧಿಕಾರಿಗಳಿಗೆ ತರಬೇತಿ ಕೊಡುತ್ತಿತ್ತು. 1989ರ ನವೆಂಬರ್ 16ರಂದು ಎಲ್ ಸಾಲ್ವಡೋರಿನಲ್ಲಿ ಸೈನಿಕರು ಆರು ಮಂದಿ ಜೆಸ್ವಿತ್ ಪಾದ್ರಿಗಳನ್ನೂ ಅಡುಗೆಯಾಕೆಯನ್ನೂ ಆಕೆಯ ಮಗಳನ್ನೂ ಕೊಂದರು. ವಿಶ್ವಸಂಸ್ಥೆಯ ಸತ್ಯ ಆಯೋಗ ಹೆಸರಿಸಿದ ಅಧಿಕಾರಿಗಳಲ್ಲಿ ಹೆಚ್ಚಿನವರು ಇದೇ ಶಾಲೆಯಲ್ಲಿ ಕಲಿತವರು. ಹೆನ್ನೆಸಿ ಸೋದರಿಯರಿಗೆ ಇದು ಬರೀ ದೂರದ ಸುದ್ದಿಯಾಗಿರಲಿಲ್ಲ. ಗ್ವಾಟೆಮಾಲಾದಲ್ಲಿ ಪಾದ್ರಿಯಾಗಿದ್ದ ಅವರ ಸೋದರ ರಾನ್ ಅಲ್ಲಿನ ಸೇನೆಯ ಕ್ರೌರ್ಯವನ್ನು ಮನೆಗೆ ಬರೆದು ತಿಳಿಸುತ್ತಿದ್ದರು.

ಶಾಲೆಯ ಪರವಾದ ವಾದವನ್ನೂ ಕೇಳಬೇಕು. ಸಾವಿರಾರು ಜನ ಕಲಿತಿದ್ದಾರೆ, ಕೆಲವರು ಕೆಟ್ಟರೆ ಕಲಿಸಿದವರೇನು ಮಾಡಿಯಾರು? ಆದೋನಿ, ಉರುಕುಂದದ ಕಡೆಯ ನಮಗೆ ಗರಡಿಮನೆ ಗೊತ್ತು. ಪೈಲ್ವಾನನೊಬ್ಬ ಊರಲ್ಲಿ ಬಡವನ ಮೇಲೆ ಕೈ ಮಾಡಿದ ಮಾತ್ರಕ್ಕೆ ಉಸ್ತಾದನನ್ನು ದೂರಲಾಗದು. ಆದರೆ ಉಸ್ತಾದನ ಪಾಠದಲ್ಲೇ ಆ ಏಟು ಇದ್ದರೆ? 1996ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತಾನೇ ಬಹಿರಂಗಪಡಿಸಿದ ಈ ಶಾಲೆಯ ತರಬೇತಿ ಕೈಪಿಡಿಗಳಲ್ಲಿ ಬೆದರಿಕೆ, ಹೊಡೆತ, ಕೊಲೆಯ ಮಾತುಗಳಿದ್ದವು. ಅಲ್ಲಿಗೆ 'ನಾವು ಕಲಿಸಿದೆವು ಅಷ್ಟೆ' ಎಂಬ ಮಾತು ನಿಲ್ಲುವುದಿಲ್ಲ.

ಡೊರೊಥಿಯವರ ನಿರಾಕರಣೆಗೆ ತೂಕ ಬರುವುದು ಇಲ್ಲಿಯೇ. ಶಾಲೆ ತನ್ನ ಶಿಷ್ಯರು ಮಾಡಿದ್ದಕ್ಕೆ ತಾನು ಹೊಣೆಯಲ್ಲ ಎನ್ನುತ್ತಿತ್ತು. ಆ ಜಾರಿಕೆಯನ್ನು ಪ್ರಶ್ನಿಸಲು ಹೋದವರು, ತಾವು ಮಾಡಿದ್ದರ ಫಲದಿಂದ ವಯಸ್ಸಿನ ನೆಪದಲ್ಲಿ ಜಾರಿಕೊಂಡಿದ್ದರೆ ಪ್ರಶ್ನೆಯ ಮೊನೆಯೇ ಮುರಿಯುತ್ತಿತ್ತು. ಮಠದಲ್ಲೇ ಉಳಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ, ನಾನಂತೂ ಹೇಳುತ್ತಿರಲಿಲ್ಲ. ಆದರೂ, ಕೈಯೆತ್ತದೆ ಹೋರಾಡುವವರ ಬಲವೆಲ್ಲ ಶಿಕ್ಷೆಯನ್ನು ಅನುಭವಿಸುವುದರಲ್ಲಿದೆ ಎಂಬುದನ್ನು ಆಕೆ ಚೆನ್ನಾಗಿ ಅರಿತಿದ್ದರು.

ಶಾಲೆ ಮುಚ್ಚಲಿಲ್ಲ. 2001ರ ಜನವರಿಯಲ್ಲೇ ಅದಕ್ಕೆ ಹೊಸ ಹೆಸರು ಬಂದಿತ್ತು, ಪ್ರತಿ ವಿದ್ಯಾರ್ಥಿಗೂ ಮಾನವ ಹಕ್ಕು ಮತ್ತಿತರ ವಿಷಯಗಳ ಕನಿಷ್ಠ 8 ಗಂಟೆ ಪಾಠ ಕಡ್ಡಾಯವಾಗಿತ್ತು. ಇದನ್ನು ಗೆಲುವೆನ್ನಲಾರೆ. ಆದರೆ ಪಾಠದಲ್ಲಿ ಹಕ್ಕುಗಳ ಮಾತು ಇರಬೇಕೆಂದು ಕಾನೂನೇ ಬರೆಯಬೇಕಾಯಿತಲ್ಲ, ಆ ಒತ್ತಡ ಬೇಲಿಯ ಹೊರಗೆ ವರ್ಷವರ್ಷವೂ ಬಂದು ನಿಂತವರದು.

ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿತ್ತು. 2012ರಲ್ಲಿ ಶ್ರೀಲಂಕಾ ವಾಯುಪಡೆಯ ಸಿಬ್ಬಂದಿಗೆ ಚೆನ್ನೈ ಬಳಿಯ ತಾಂಬರಂನಲ್ಲಿ ತರಬೇತಿ ನಡೆದಾಗ, ತಮಿಳರ ಸಾವುನೋವು ನೆನೆದು ತಮಿಳುನಾಡು ಪ್ರತಿಭಟಿಸಿತು. ಕೇಂದ್ರ ಸರ್ಕಾರ ಅವರನ್ನು ಬೆಂಗಳೂರಿನ ಯಲಹಂಕಕ್ಕೆ ಕಳಿಸಿತು. ಊರು ಬದಲಾದರೆ ಪ್ರಶ್ನೆ ಕರಗೀತೇ? ನೆರೆದೇಶದ ಸೇನೆಗೆ ಕಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಯಾರಿಗೆ, ಏನನ್ನು ಕಲಿಸುತ್ತಿದ್ದೇವೆ, ಕಲಿತವರು ಅದನ್ನು ಯಾರ ಮೇಲೆ ಬಳಸುತ್ತಾರೆ ಎಂದು ತೆರಿಗೆ ಕಟ್ಟುವ ನಾವು ಕೇಳಲೇಬೇಕು. ಕೇಳಿದ್ದಕ್ಕೆ ತೆರಬೇಕಾದ ಬೆಲೆಯನ್ನೂ ರಿಯಾಯಿತಿ ಬೇಡದೆ ತೆರಬೇಕು.