ಕಾವಲಿನ ಬೆಲೆ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಭಾಗದ ಶಾಲೆಗಳಲ್ಲಿ ಧ್ವಜ ಏರಿಸುತ್ತೇವೆ. ಉಳಿದ ಕರ್ನಾಟಕದವರಿಗೆ ಅದೊಂದು ಸಾಮಾನ್ಯ ದಿನ. ಕಲಬುರಗಿ, ಬೀದರ, ರಾಯಚೂರು ಕಡೆಯ ನಮಗೆ ಅದು 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ. ಒಂದು ವರ್ಷ ಧ್ವಜ ಏರಿಸಿ, ಪೆಪ್ಪರ್‌ಮೆಂಟು ಹಂಚಿ, ಒಂಬತ್ತನೇ ತರಗತಿಗೆ ಹೋಗಿ ಕುಳಿತಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

"ಟೀಚರ್, ನಿಜಾಮ ಜಗತ್ತಿನಾಗೇ ದೊಡ್ಡ ಸಾವುಕಾರ ಇದ್ದ ಅಂತ ನೀವೇ ಹೇಳೀರಿ. ಅಷ್ಟು ರೊಕ್ಕ ಇದ್ದಾವ ಐದೇ ದಿನದಾಗ ಹ್ಯಾಂಗ ಸೋತ?"

ಭಾರತದ ಸೈನ್ಯ ದೊಡ್ಡದಿತ್ತು, ಹೈದರಾಬಾದಿನದು ಚಿಕ್ಕದಿತ್ತು ಎಂದು ಪಠ್ಯಪುಸ್ತಕದ ಉತ್ತರವನ್ನೇ ಕೊಟ್ಟೆ. ಹುಡುಗಿ ಕುಳಿತಳು. ಆದರೆ ಅವಳ ಮುಖ ನೋಡಿದರೆ ಸಮಾಧಾನವಾದಂತೆ ಕಾಣಲಿಲ್ಲ. ನನಗೂ ಆಗಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. 1990ರ ಆಗಸ್ಟಿನಲ್ಲಿ, ತೆಂಗಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ರೇಡಿಯೋದ ಮುಂದೆ ಕುಳಿತು ನಮ್ಮ ಅವ್ವ ಕೇಳಿದ್ದಳು: "ಅಷ್ಟು ರೊಕ್ಕ ಇದ್ದವರಿಗಿ ತಮ್ಮ ಊರು ತಾವು ಕಾಯ್ಕೊಳ್ಳಾದು ಆಗಲಿಲ್ಲೇನು?" ಅವಳು ಕೇಳಿದ್ದು ಕುವೈತಿನ ವಿಷಯ. ನಮ್ಮ ಅಣ್ಣ ಆಗ ಅಲ್ಲಿದ್ದ.

ಅಣ್ಣ ವಾಡಿಯಲ್ಲಿ ವೈರಿಂಗ್ ಕೆಲಸ ಕಲಿತು, ಗುತ್ತಿಗೆದಾರನೊಬ್ಬನ ಮೂಲಕ ಕುವೈತಿಗೆ ಹೋಗಿದ್ದ. ಅವನು ಕಳಿಸಿದ ಹಣದಿಂದಲೇ ನಮ್ಮ ಮನೆಗೆ ಶಹಾಬಾದಿ ಕಲ್ಲಿನ ನೆಲ ಬಂತು, ನನ್ನ ಬಿ.ಎ. ಫೀಸು ಕಟ್ಟಿದ್ದಾಯಿತು. ಆಗಸ್ಟ್ 2ರ ಬೆಳಗಿನ ಜಾವ ಇರಾಕಿನ ಸೈನ್ಯ ಗಡಿ ದಾಟಿತು. ಕುವೈತೆಂದರೆ ಎಷ್ಟು ದೊಡ್ಡ ದೇಶ? ಯಾದಗಿರಿಯೂ ಸೇರಿದ್ದ ನಮ್ಮ ಹಳೆಯ ಗುಲಬರ್ಗಾ ಜಿಲ್ಲೆಗಿಂತ ತುಸು ದೊಡ್ಡದು, ಅಷ್ಟೇ. ಅದರ ಸೈನಿಕರು ಇಪ್ಪತ್ತು ಸಾವಿರದ ಆಸುಪಾಸು. ಎದುರಿಗೆ ಎಂಟು ವರ್ಷ ಇರಾನಿನೊಡನೆ ಕಾದಾಡಿ ಪಳಗಿದ, ಲಕ್ಷಗಟ್ಟಲೆ ಸೈನಿಕರಿದ್ದ ಇರಾಕು. ಹಣವಿದ್ದ ಕುವೈತ್ ವಿಮಾನ ಕೊಂಡಿತ್ತು, ಟ್ಯಾಂಕು ಕೊಂಡಿತ್ತು. ಜಹ್ರಾ ಊರಿನ ಹತ್ತಿರ ಅದರ 35ನೇ ಬ್ರಿಗೇಡು ಮದ್ದುಗುಂಡು ತೀರುವವರೆಗೂ ಹೋರಾಡಿತು. ಆದರೂ ಎರಡು ದಿನದೊಳಗೆ ಎಲ್ಲವೂ ಮುಗಿಯಿತು. ದೊರೆ ಸೌದಿ ಅರೇಬಿಯಾಕ್ಕೆ ಹೋದ. ಅವನ ತಮ್ಮನೊಬ್ಬ ಅರಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ.

ಇನ್ನೊಂದು ಮಾತು. ಇರಾನಿನ ಭಯಕ್ಕೆ ಕುವೈತ್ ಅದೇ ಇರಾಕಿಗೆ ಸಾವಿರ ಕೋಟಿ ಡಾಲರಿಗೂ ಹೆಚ್ಚು ಸಾಲ ಕೊಟ್ಟಿತ್ತು. ನಮ್ಮ ಮುಂದೆ ನಿಂತು ನಮ್ಮನ್ನು ಕಾಯಲಿ ಎಂದೇ ಅಲ್ಲವೇ ಆ ಹಣ ಕೊಟ್ಟಿದ್ದು? ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಾವು ಗಾದೆ ಹೇಳುತ್ತೇವೆ. ಕುವೈತಿನಲ್ಲಿ ಆದದ್ದು ಅದೇ.

ಎರಡು ತಿಂಗಳು ಅಣ್ಣನ ಸುದ್ದಿಯಿಲ್ಲ. ಅವ್ವ ಸರಿಯಾಗಿ ಉಣ್ಣಲಿಲ್ಲ. ಅಪ್ಪ ದಿನಾ ಪೋಸ್ಟಿನವನ ದಾರಿ ಕಾಯುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಅಣ್ಣ ವಾಡಿ ಸ್ಟೇಶನ್ನಿನಲ್ಲಿ ಇಳಿದು, ಒಂದು ಕೈಚೀಲ ಹಿಡಿದು ಮನೆಗೆ ಬಂದ. ಬಾಗ್ದಾದಿನ ದಾರಿಯಲ್ಲಿ ಜೋರ್ಡಾನಿಗೆ ಹೋಗಿ, ಮರುಭೂಮಿಯ ಡೇರೆಗಳಲ್ಲಿ ದಿನ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದಿದ್ದ. ಹಾಗೆ ಬಂದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಕೂಡಿಟ್ಟ ಹಣ ಅಲ್ಲೇ ಉಳಿಯಿತು.

ಅವನು ದುಡ್ಡಿನ ಮಾತು ಹೆಚ್ಚಾಗಿ ಆಡಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ಊರು ಹ್ವಾದ ದಿನ ನಾವು ಯಾರ ಲೆಕ್ಕದಾಗ ಇದ್ದೇವು ಅನ್ನಾದೇ ತಿಳೀಲಿಲ್ಲ."

ಈ ಮಾತಿನ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಕುವೈತಿನಲ್ಲಿ ಅಂದೂ ಇಂದೂ ಹೊರಗಿನವರೇ ಹೆಚ್ಚು. ಕಟ್ಟಡ ಕಟ್ಟುವವರು, ಅಡುಗೆ ಮಾಡುವವರು, ಮಕ್ಕಳನ್ನು ಆಡಿಸುವವರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವವರು ಎಲ್ಲ ಬೇರೆ ದೇಶದವರು. ಅದು ಹೋಗಲಿ, ಅಂದಿನ ಸೈನ್ಯದಲ್ಲಿಯೇ 'ಬಿದೂನ್' ಎಂಬ ಜನ ಬಹಳ ಇದ್ದರು. ಬಿದೂನ್ ಎಂದರೆ 'ಇಲ್ಲದವರು', ಪೌರತ್ವವಿಲ್ಲದವರು. ಅಲ್ಲೇ ಹುಟ್ಟಿ ಬೆಳೆದರೂ ನಾಡು ಅವರನ್ನು ತನ್ನವರೆಂದು ಬರೆದುಕೊಂಡಿರಲಿಲ್ಲ. ಗಡಿಯಲ್ಲಿ ನಿಲ್ಲುವುದಕ್ಕೆ ಮಾತ್ರ ಅವರು ಬೇಕಾಗಿದ್ದರು. 1991ರ ಫೆಬ್ರವರಿಯಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳು ಕೂಡಿ ಕುವೈತನ್ನು ಬಿಡಿಸಿದ ಮೇಲೆ, ಆ ಬಿದೂನರಲ್ಲಿ ಬಹಳ ಜನರನ್ನು ಸೈನ್ಯದಿಂದ ತೆಗೆದುಹಾಕಿದರು.

ಇದನ್ನು ಓದಿ ಅರಬರನ್ನು ಹಳಿಯುವ ಮೊದಲು ನಮ್ಮ ಮನೆಯ ಕತೆಯನ್ನೂ ನೋಡಬೇಕು. 1798ರಲ್ಲಿ ಹೈದರಾಬಾದಿನ ನಿಜಾಮ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಫ್ರೆಂಚರು ಪಳಗಿಸಿದ ತನ್ನ ಪಡೆಯನ್ನು ಬಿಟ್ಟು, ಖರ್ಚು ಕೊಟ್ಟು ಇಂಗ್ಲಿಷರ ಪಡೆ ಇಟ್ಟುಕೊಂಡ. ಕಾವಲಿಗೆ ಬಂದ ಪಡೆಗಳ ಖರ್ಚು ಬೆಳೆಯುತ್ತಾ ಹೋಯಿತು, ಸಾಲವಾಯಿತು. 1853ರಲ್ಲಿ ಆ ಬಾಬತ್ತಿಗೆ ಬೇರಾರ್ ಪ್ರಾಂತ್ಯವನ್ನೂ ನಮ್ಮ ರಾಯಚೂರು ದೋಆಬವನ್ನೂ ಬಿಟ್ಟುಕೊಡಬೇಕಾಯಿತು. ರಾಯಚೂರು 1860ರಲ್ಲಿ ಮರಳಿತು, ಬೇರಾರ್ ಕಡೆಗೂ ಕೈಗೆ ಬರಲಿಲ್ಲ. ಅತ್ತ ಕುವೈತಿನ ಶೇಖನೂ 1899ರಲ್ಲಿ ಇಂಥದೇ ಆಸರೆಯ ಕರಾರಿಗೆ ಸಹಿ ಹಾಕಿದ. ಹೈದರಾಬಾದಿನಿಂದ ಕುವೈತಿನ ತನಕ ಒಂದೇ ಕಂಪನಿಯ ಬೀಗ ಮಾರಾಟವಾದಂತೆ ಕಾಣುತ್ತದೆ.

ಆ ಬೀಗ ನೂರೈವತ್ತು ವರ್ಷ ನಡೆಯಿತು. 1947ರಲ್ಲಿ ಇಂಗ್ಲಿಷರು ಹೋದರು. ಉಳಿದದ್ದು ಇಪ್ಪತ್ತೆರಡು ಸಾವಿರದಷ್ಟು ಸೈನ್ಯ, ಜೊತೆಗೆ ಕಾಸಿಂ ರಜ್ವಿಯ ರಜಾಕಾರರು. ಬಹುಸಂಖ್ಯೆಯ ಪ್ರಜೆಗಳಿಗೆ ಅದು ತಮ್ಮ ಸೈನ್ಯ ಅನ್ನಿಸಿರಲಿಲ್ಲ. ರಜಾಕಾರರಂತೂ ಹಳ್ಳಿಗಳನ್ನು ಕಾಯುವ ಬದಲು ದೋಚುತ್ತಿದ್ದರು. ನಮ್ಮ ಆಯಿ ಹೇಳುತ್ತಿದ್ದಳು: ಕುದುರೆ ಸಪ್ಪಳ ಕೇಳಿದರೆ ಸಾಕು, ಹೆಣ್ಣುಮಕ್ಕಳೆಲ್ಲ ಅಡುಗೆಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಉಸಿರು ಹಿಡಿದು ಕೂತಿರುತ್ತಿದ್ದರಂತೆ.

ಆಯಿಯ ಕತೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸೆಪ್ಟೆಂಬರ್ 17 ಕಳೆದು ಕೆಲವು ದಿನಗಳಾದ ಮೇಲೆ ಅದೇ ಕೋಣೆಯಲ್ಲಿ ಬೇರೊಬ್ಬಳು ಕೂತಿದ್ದಳು. ನಮ್ಮ ಓಣಿಯ ಮುಸಲ್ಮಾನರ ಮನೆಯ ಸೊಸೆ, ಕಂಕುಳಲ್ಲಿ ಕೂಸು. ರಜಾಕಾರರ ಸೇಡನ್ನು ಏನೂ ಅರಿಯದ ಮುಸಲ್ಮಾನರ ಮೇಲೆ ತೀರಿಸಿಕೊಂಡ ದಿನಗಳವು. ಆಗಿನ ಹತ್ಯೆಗಳನ್ನು ವಿಚಾರಿಸಲು ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯ ವರದಿಯಲ್ಲಿ, ಹೆಚ್ಚು ನೊಂದ ಜಿಲ್ಲೆಗಳ ಪೈಕಿ ನಮ್ಮ ಗುಲಬರ್ಗಾವೂ ಇದೆ. ಧ್ವಜ ಏರಿಸುವ ದಿನ ಇದನ್ನು ನಾವು ಹೇಳುವುದಿಲ್ಲ. ನಾನೂ ಎಷ್ಟೋ ವರ್ಷ ಹೇಳಲಿಲ್ಲ. "ಮನ್ಯಾಗಿನ ಗಂಡಸರು ಬ್ಯಾಡ ಅಂದ್ರು, ನಾ ಕೇಳಲಿಲ್ಲ. ನಾವು ಅದೇ ಕ್ವಾಣ್ಯಾಗ ಕುಂತು ಅಂಜಿದವರು, ಆಕಿ ಅಂಜಿಕಿ ನನಗ ಗೊತ್ತಿತ್ತು" ಎನ್ನುತ್ತಿದ್ದಳು ಆಯಿ. ಆಕೆಯ ಕೈಯಲ್ಲಿ ಕತ್ತಿ ಇರಲಿಲ್ಲ, ಬಂದೂಕು ಇರಲಿಲ್ಲ. ಇದ್ದದ್ದು ಒಂದು ಅಗಳಿ ಮಾತ್ರ.

ಹಾಗಾದರೆ ಸೈನ್ಯವೇ ಬೇಡವೇ, ಆಯಿಯಂಥವರಿದ್ದರೆ ಸಾಕೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ನಮ್ಮೂರಿಂದ ದೂರವೇನಲ್ಲ, ಕಾಗಿಣಾ ದಂಡೆಯ ಮಳಖೇಡ. ಅಲ್ಲಿ ಆಳಿದ ರಾಷ್ಟ್ರಕೂಟ ದೊರೆಯನ್ನು ಅರಬ ಪ್ರವಾಸಿಗಳು 'ಬಲ್ಹಾರ' ಎಂದು ಕರೆದು, ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು 9ನೇ ಶತಮಾನದಲ್ಲಿ ಬರೆದರು. ಅಂಥ ಮಾನ್ಯಖೇಟವನ್ನು 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಕೊಳ್ಳೆಹೊಡೆದ. ಬಲವಿಲ್ಲದ ಸಂಪತ್ತು ಕಳ್ಳನನ್ನು ಕರೆಯುತ್ತದೆ ಎಂಬುದು ನಿಜ. ಹೊರಗಿನವರು ನೆರವಿಗೆ ಬರದಿದ್ದರೆ ಕುವೈತ್ ಇಂದು ನಕಾಶೆಯಲ್ಲಿ ಇರುತ್ತಿತ್ತೋ ಇಲ್ಲವೋ. ಚಿಕ್ಕವರು ದೊಡ್ಡವರ ಆಸರೆ ಹಿಡಿಯುವುದು ತಪ್ಪೆಂದು ಹೇಳಲು ನನಗೆ ಬಾಯಿ ಬಾರದು. ಆದರೆ ಆಸರೆಗೂ ಅದರದೇ ಅಪಾಯವಿದೆ. ಕತಾರ್ ಎಂಬ ಪುಟ್ಟ ದೇಶ ಅಮೆರಿಕದ ದೊಡ್ಡ ಸೇನಾ ನೆಲೆಯನ್ನು ತನ್ನ ನೆಲದಲ್ಲಿ ಇರಿಸಿಕೊಂಡಿತು. 2025ರ ಜೂನಿನಲ್ಲಿ ಇರಾನಿನ ಕ್ಷಿಪಣಿಗಳು ಆ ನೆಲೆಯ ಮೇಲೇ ಬಂದವು. ಸೆಪ್ಟೆಂಬರಿನಲ್ಲಿ ಇಸ್ರೇಲು ದೋಹಾ ನಗರದ ಮೇಲೆ ಬಾಂಬು ಹಾಕಿದಾಗ ಆ ನೆಲೆ ಅದನ್ನು ತಡೆಯಲಿಲ್ಲ.

ನನ್ನ ಪ್ರಶ್ನೆ ಸೈನ್ಯ ಬೇಕೋ ಬೇಡವೋ ಎಂಬುದಲ್ಲ. ಕಾವಲು ಯಾರಿಗಾಗಿ, ಕಾಯುವವರ ಲೆಕ್ಕದಲ್ಲಿ ಯಾರು ಯಾರು ಇದ್ದಾರೆ ಎಂಬುದು. ಬಾಡಿಗೆಯ ಕಾವಲು ತಿಜೋರಿಯನ್ನು ಕಾಯುತ್ತದೆ. ತಿಜೋರಿಯ ಕೋಣೆ ಗುಡಿಸುವವಳು ಅದರ ಲೆಕ್ಕದಲ್ಲಿ ಬರುವುದಿಲ್ಲ. ಕುವೈತಿನಲ್ಲಿ ಇರಾಕಿಗಳ ವಿರುದ್ಧ ಮೊದಲು ಬೀದಿಗಿಳಿದವರಲ್ಲಿ ಹೆಂಗಸರಿದ್ದರು. ಅಸ್ರಾರ್ ಅಲ್-ಕಬಂದಿ ಎಂಬಾಕೆ ಗುಪ್ತ ಹೋರಾಟಕ್ಕಿಳಿದು 1991ರ ಜನವರಿಯಲ್ಲಿ ಪ್ರಾಣ ಕೊಟ್ಟಳು. ಆ ನಾಡಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 2005ರಲ್ಲಿ. ಪ್ರಾಣ ಕೊಡುವಾಗ ಲೆಕ್ಕಕ್ಕೆ ಸಿಕ್ಕವರು ಮತ ಹಾಕುವಾಗ ಹದಿನಾಲ್ಕು ವರ್ಷ ಸಿಗಲಿಲ್ಲ.

ಮನೆಯಲ್ಲಿಯೂ ಹೀಗೇ ಅಲ್ಲವೇ? ಅಣ್ಣ ಬರಿಗೈಲಿ ಬಂದ ಮರುವರ್ಷ ನಾನು ಬಿ.ಇಡಿ. ಮಾಡಲು ಗುಲಬರ್ಗಾಕ್ಕೆ ಹೋಗುತ್ತೇನೆಂದಾಗ ಅಪ್ಪ, "ಅಲ್ಲಿ ನಿನ್ನ ಕಾಯೋರು ಯಾರು?" ಎಂದ. ಅಣ್ಣ ಅಪ್ಪನಿಗೆ ಎದುರಾಡಿದ್ದು ಅದೊಂದೇ ಸಲ. "ಕಾಯೋರನ್ನ ನಂಬಿ ಕುಂತ ದೇಶ ನಾ ಕಣ್ಣಾರೆ ನೋಡೀನಪ್ಪ. ಆಕಿ ಕಾಲ ಮ್ಯಾಲ ಆಕಿ ನಿಲ್ಲಲಿ" ಎಂದು ತನ್ನ ಗಡಿಯಾರ ಮಾರಿ ಫೀಸು ಕಟ್ಟಿದ. ಹೀಗೆ ಓದಿದ ನಾನೇ, ನನ್ನ ಮಗಳು ಪುಣೆಯಲ್ಲಿ ಕೆಲಸ ಸಿಕ್ಕಿದೆ ಎಂದಾಗ ಏನೆಂದೆ ಗೊತ್ತೇ? ಅಪ್ಪನ ಮಾತನ್ನೇ, ಅಕ್ಷರವೂ ತಪ್ಪದಂತೆ. ಒಂದು ವರ್ಷ ಅವಳನ್ನು ಮನೆಯಲ್ಲೇ ಉಳಿಸಿಕೊಂಡೆ. "ಅವ್ವಾ, ನೀ ನನ್ನ ಕಾಯ್ಲಾಕತ್ತೀಯೋ, ಕಟ್ಟಿ ಹಾಕ್ಲಾಕತ್ತೀಯೋ?" ಎಂದು ಒಂದು ರಾತ್ರಿ ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಹೋದಳು, ಚೆನ್ನಾಗಿದ್ದಾಳೆ. ಆ ಒಂದು ವರ್ಷವನ್ನು ನಾನು ಅವಳಿಗೆ ತಿರುಗಿ ಕೊಡಲಾರೆ. ನನ್ನ ಕಾವಲಿನ ಲೆಕ್ಕದಲ್ಲಿ ನನ್ನ ಭಯವಿತ್ತು, ಓಣಿಯವರ ಬಾಯಿತ್ತು. ಅವಳು ಮಾತ್ರ ಇರಲಿಲ್ಲ.

ಆ ಹುಡುಗಿಗೆ ಮರುದಿನ ಮತ್ತೊಂದು ಉತ್ತರ ಕೊಟ್ಟೆ. ಐದು ದಿನದಲ್ಲಿ ಸೋತದ್ದು ಸೈನ್ಯ ಚಿಕ್ಕದಿತ್ತೆಂದು ಮಾತ್ರವಲ್ಲ, ತಮ್ಮದೆಂದು ನಿಲ್ಲುವ ಜನ ಕಡಿಮೆಯಿದ್ದರು ಎಂದೆ. ಕತ್ತಲ ಕೋಣೆಯ ಕತೆಯನ್ನೂ ಹೇಳಿದೆ, ಎರಡೂ ಭಾಗ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೂಸು ಬದುಕಿತೇನ್ರಿ ಟೀಚರ್?" ಎಂದಳು. ಬದುಕಿತು ಎಂದೆ. ಬದುಕಿ, ದೊಡ್ಡವನಾಗಿ, ನಮ್ಮ ಆಯಿ ತೀರಿದಾಗ ಹೆಗಲು ಕೊಟ್ಟ.

ಈಗ ಅಣ್ಣನ ಮಗ ಕುವೈತಿಗೆ ಹೊರಟಿದ್ದಾನೆ, ಅದೇ ವೈರಿಂಗ್ ಕೆಲಸಕ್ಕೆ. ಇಲ್ಲಿ ಕೆಲಸವಿಲ್ಲ, ತೊಗರಿ ಬೆಳೆದು ಮನೆ ನಡೆಯುವುದಿಲ್ಲ. ಬೇಡ ಎನ್ನಲು ನಾವು ಯಾರು? ಮೊನ್ನೆ ಅಣ್ಣ ಮಗನನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದ. ಪಾಸ್‌ಪೋರ್ಟಿನ ಝೆರಾಕ್ಸ್ ಎರಡು ಕಡೆ ಇಡು, ಪಗಾರ ತಿಂಗಳಿಗೆ ತಿಂಗಳು ಊರಿಗೆ ಕಳಿಸು ಎಂದ. ಆಮೇಲೆ ಸ್ವಲ್ಪ ತಡೆದು ಹೇಳಿದ:

"ಹ್ವಾದ ಮೊದಲನೇ ವಾರದಾಗೇ ಬಾಜೂ ಕ್ವಾಣ್ಯಾಗ ಇದ್ದವರ ಹೆಸರು ಕೇಳಿಕೋ. ನಿಂದೂ ಅವರಿಗಿ ಹೇಳು."