ಕೇಳಿ ತಿಳಿದು ವಿಧೇಯರಾಗೋಣ



ಮತ್ತಿಕೆರೆಯಲ್ಲಿ ವಾಸಿಸುವವರಿಗೆ ಆಂಬುಲೆನ್ಸಿನ ಸದ್ದು ಹೊಸತಲ್ಲ. 1979ರಲ್ಲಿ ಆರಂಭವಾದ ರಾಮಯ್ಯ ವೈದ್ಯಕೀಯ ಕಾಲೇಜು ಪಕ್ಕದಲ್ಲೇ ಇದೆ. ರಾತ್ರಿ ಪಾಳಿ ಮುಗಿಸಿ ಬರುವ ದಾದಿಯರನ್ನು ನಾವು ದಿನವೂ ಕಾಣುತ್ತೇವೆ. ಈ ನಗರದಲ್ಲಿ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದಂದಿನಿಂದ ಎಷ್ಟೋ ಕ್ರೈಸ್ತ ಕುಟುಂಬಗಳು ತಮ್ಮ ಹೆಣ್ಣುಮಕ್ಕಳನ್ನು ಈ ಸೇವೆಗೆ ಒಪ್ಪಿಸಿವೆ. ಕಳುಹಿಸುವಾಗ, "ದೊಡ್ಡವರಿಗೆ ಎದುರು ಮಾತಾಡಬೇಡ ಮಗಳೇ" ಎಂದು ಬುದ್ಧಿ ಹೇಳುತ್ತೇವೆ. ಆ ಬುದ್ಧಿಮಾತನ್ನೇ ಇಂದು ಸ್ವಲ್ಪ ಚಿಂತಿಸಿ ನೋಡೋಣ.

ಯಾವ ಊರಿನ ಯಾವ ಆಸ್ಪತ್ರೆಯಲ್ಲಾದರೂ ಬರಬಹುದಾದ ಒಂದು ಗಳಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಎರಡು ಗಂಟೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಾಸಿಗೆಗಳೆಲ್ಲ ತುಂಬಿವೆ. ನಿದ್ದೆಗೆಟ್ಟ ಯುವ ವೈದ್ಯರು ಇನ್ನೊಬ್ಬ ರೋಗಿಯ ಕಡೆಗೆ ಓಡುತ್ತಲೇ, "ಸಿಸ್ಟರ್, ಇವರಿಗೆ ಪೊಟ್ಯಾಸಿಯಂ ಕೊಡಿ, ಬೇಗ" ಎನ್ನುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ದೇಹಕ್ಕೆ ಬೇಕಾದದ್ದೇ. ಆದರೆ ಅದನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕು. ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ದಾದಿಯ ಕೈಯಲ್ಲಿ ಔಷಧವಿದೆ, ಮನಸ್ಸಿನಲ್ಲಿ ಸಂಶಯವಿದೆ. ಕೇಳಿದರೆ ಗದರಿಸುತ್ತಾರೋ ಏನೋ ಎಂಬ ಅಳುಕೂ ಇದೆ. ಅವಳು ಬಾಯಿ ತೆರೆಯುವಳೋ ಇಲ್ಲವೋ ಎಂಬುದರ ಮೇಲೆ ಒಂದು ಮನೆಯ ದೀಪ ನಿಂತಿದೆ.

ಈ ಅಳುಕು ಎಷ್ಟು ಬಲವಾದದ್ದೆಂದು ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಅಪರಿಚಿತನೊಬ್ಬ ತಾನು ವೈದ್ಯನೆಂದು ಫೋನಿನಲ್ಲಿ ಹೇಳಿ, ಒಂದು ಔಷಧವನ್ನು 20 ಮಿಲಿಗ್ರಾಂ ಕೊಡಲು ಆದೇಶಿಸಿದ. ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಡಬ್ಬಿಯ ಮೇಲೆಯೇ ಬರೆದಿತ್ತು. ಆದರೂ 22 ದಾದಿಯರಲ್ಲಿ 21 ಮಂದಿ ಕೊಡಲು ಹೊರಟರು. ಔಷಧ ಹಾನಿಯಿಲ್ಲದ್ದಾಗಿತ್ತು, ಅವರನ್ನು ನಡುವೆಯೇ ತಡೆಯಲಾಯಿತು. 1977ರಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯಿತು. ಈ ಬಾರಿ ಔಷಧ ದಾದಿಯರಿಗೆ ಪರಿಚಿತವಾಗಿತ್ತು, ಜೊತೆಯವರೊಡನೆ ಮಾತಾಡಲು ಅವಕಾಶವೂ ಇತ್ತು. ಆಗ 18 ಮಂದಿಯಲ್ಲಿ ಹೇಳಿದಂತೆ ಕೊಡಲು ಸಿದ್ಧರಾದವರು ಇಬ್ಬರೇ. ಮೊದಲನೆಯವರು ಕೆಟ್ಟವರಲ್ಲ. ಅರಿವು ಮತ್ತು ಜೊತೆಗಾರರ ಬೆಂಬಲ ಇದ್ದಲ್ಲಿ ಧೈರ್ಯ ತಾನಾಗಿ ಬರುತ್ತದೆ, ಅಷ್ಟೇ.

ಪವಿತ್ರ ಬೈಬಲ್ ಈ ವಿಷಯದಲ್ಲಿ ಏನು ಹೇಳುತ್ತದೆ? ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಸೇನಾಪತಿ ನಾಮಾನನು ಕುಷ್ಠರೋಗದಿಂದ ನರಳುತ್ತಾನೆ. ಜೋರ್ಡನ್ ನದಿಯಲ್ಲಿ ಏಳು ಸಾರಿ ಮುಳುಗಿ ಏಳಬೇಕೆಂದು ಪ್ರವಾದಿ ಎಲೀಷನು ಹೇಳಿಕಳುಹಿಸಿದಾಗ, ಸಿಟ್ಟಿನಿಂದ ಹಿಂದಿರುಗಿಬಿಡುತ್ತಾನೆ. ಆಗ ಅವನ ಸೇವಕರು ಸುಮ್ಮನಿರಲಿಲ್ಲ. ಒಡೆಯನನ್ನು ತಂದೆಯೆಂದೇ ಸಂಬೋಧಿಸಿ, ವಿನಯದಿಂದ ಒಂದು ಪ್ರಶ್ನೆ ಕೇಳಿದರು. ಅವನು ಕಿವಿಗೊಟ್ಟ, ಗುಣ ಹೊಂದಿದ. ಸೇವಕರು ಮೌನವಾಗಿದ್ದರೆ ರೋಗಿಯು ರೋಗಿಯಾಗಿಯೇ ಊರಿಗೆ ಮರಳುತ್ತಿದ್ದ.

ವಿಧೇಯತೆಗೆ ಮಾದರಿಯಾದ ಮಾತೆ ಮರಿಯಳನ್ನು ನೋಡಿ. ದೇವದೂತ ಗಬ್ರಿಯೇಲನ ಸಂದೇಶಕ್ಕೆ ಸಮ್ಮತಿ ನೀಡುವ ಮುನ್ನ, ಇದು ಹೇಗೆ ಸಾಧ್ಯವೆಂದು ಆಕೆ ಕೇಳಿದಳು. ದೇವದೂತನು ಗದರಿಸಲಿಲ್ಲ, ವಿವರಿಸಿದನು. ಹಾಗಾದರೆ ಕೇಳುವುದು ಅವಿಧೇಯತೆಯಲ್ಲ. "ಸರ್, ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಡುವುದು ತಾನೇ?" ಎಂದು ಕೇಳುವ ದಾದಿ ವೈದ್ಯರನ್ನು ಅವಮಾನಿಸುತ್ತಿಲ್ಲ. ರೋಗಿಯ ಜೀವವನ್ನೂ ವೈದ್ಯರ ಹೆಸರನ್ನೂ ಕಾಯುತ್ತಿದ್ದಾಳೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ: ಈ ಐದನ್ನೂ ನೋಡಿಕೊಳ್ಳಬೇಕೆಂಬುದು ಅವಳು ಕಲಿತ ಪಾಠವೇ.

ಪ್ರಿಯರೇ, ನಾವು ಬಲಿಪೂಜೆಯ ಆರಂಭದಲ್ಲಿ ಮಾಡಿದ ಪಾಪಗಳನ್ನು ಮಾತ್ರವಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದನ್ನೂ ಒಪ್ಪಿಕೊಳ್ಳುತ್ತೇವೆ. ಆಡಬೇಕಾದಾಗ ಆಡದ ಮಾತೂ ಅದರಲ್ಲಿ ಸೇರಿದೆ. ವೈದ್ಯರಾಗಿರುವವರೇ, ನಿಮ್ಮನ್ನು ಕೇಳಿದ ದಾದಿಗೆ "ಒಳ್ಳೆಯದಾಯಿತು, ಕೇಳಿದಿರಿ" ಎನ್ನಿ. ಒಮ್ಮೆ ಗದರಿಸಿದರೆ, ಮುಂದಿನ ರಾತ್ರಿ ಅವಳು ಕೇಳದೆ ಇರಬಹುದು. ತಂದೆತಾಯಂದಿರೇ, ಈ ಪಾಠ ಮನೆಯಲ್ಲೇ ಮೊದಲಾಗುತ್ತದೆ. ಊಟದ ಹೊತ್ತಿನಲ್ಲಿ ಮಗಳು "ಅಪ್ಪಾ, ಅದು ಹಾಗಲ್ಲವೇನೋ" ಎಂದಾಗ, "ನಿನಗೇನು ಗೊತ್ತು, ಸುಮ್ಮನಿರು" ಎಂದು ಬಾಯಿ ಮುಚ್ಚಿಸಿದರೆ, ನಾಳೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಅವಳ ನಾಲಿಗೆ ಏಳುವುದಾದರೂ ಹೇಗೆ? ಇನ್ನು ಮುಂದೆ ಮಕ್ಕಳನ್ನು ಕೆಲಸಕ್ಕೆ ಕಳುಹಿಸುವಾಗ, "ದೊಡ್ಡವರನ್ನು ಗೌರವಿಸು, ಸಂಶಯ ಬಂದರೆ ಕೇಳು" ಎಂದು ಹರಸೋಣ.

ಪ್ರಭುವೇ, ರಾತ್ರಿಯಿಡೀ ಎಚ್ಚರವಿದ್ದು ರೋಗಿಗಳನ್ನು ಕಾಯುವ ನಿಮ್ಮ ಮಕ್ಕಳಿಗೆ ವಿನಯವನ್ನೂ ಧೈರ್ಯವನ್ನೂ ದಯಪಾಲಿಸಿರಿ. ಅಧಿಕಾರದಲ್ಲಿರುವ ನಮಗೆ ಕೇಳಿಸಿಕೊಳ್ಳುವ ಕಿವಿಯನ್ನು ಕೊಡಿರಿ. ಆಮೆನ್.