ಔಷಧವೂ ದಾಸೋಹವೇ



ಹಸಿದು ಬಂದವರನ್ನು ನಮ್ಮ ರಾವೂರು ಬರಿಹೊಟ್ಟೆಯಲ್ಲಿ ಕಳಿಸುವುದಿಲ್ಲ. ಜಾತ್ರೆ ಬಂತೆಂದರೆ ದಾಸೋಹಕ್ಕೆ ಮನೆಮನೆಯಿಂದ ಜೋಳದ ರೊಟ್ಟಿ ಬುಟ್ಟಿಗಟ್ಟಲೆ ಬರುತ್ತದೆ. ಹಸಿವಿಗೆ ಇಷ್ಟು ಬೇಗ ಓಗೊಡುವ ನಾವು ನೋವಿಗೆ ಏಕೆ ತಡಮಾಡುತ್ತೇವೆ?

ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವ ನಮ್ಮ ಅಣ್ಣತಮ್ಮಂದಿರನ್ನು ನೋಡಿರಿ. ಸಂಜೆ ಮನೆಗೆ ಬರುವಾಗ ರೆಪ್ಪೆಯ ಮೇಲೂ ಧೂಳು. ಟವೆಲಿನಿಂದ ಮುಖ ಒರೆಸಿಕೊಳ್ಳಬಹುದು, ಎದೆಗಿಳಿದ ಧೂಳನ್ನು ಒರೆಸುವವರು ಯಾರು? ಕೆಮ್ಮು ಬಿಡದಿದ್ದಾಗ "ದವಾಖಾನಿಗಿ ಹೋಗಪ್ಪ" ಎಂದರೆ, "ಹೋದ್ರ ಇವತ್ತಿನ ಪಗಾರ ಹೋಗ್ತದ್ರಿ" ಎನ್ನುತ್ತಾರೆ. ದವಾಖಾನೆ ದೂರವಾದಷ್ಟೂ ಬಡವನ ರೋಗ ಬಲಿಯುತ್ತದೆ. ಕೊನೆಗೆ ಕಲಬುರಗಿಗೆ ಒಯ್ಯುವ ಹೊತ್ತಿಗೆ ಮನೆಯಾಕೆಯ ಬಂಗಾರ ಅಡವು ಬಿದ್ದಿರುತ್ತದೆ.

ನೋವಿಗೆ ಓಗೊಡುವುದು ನಮಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದ. ರೋಗಿಯ ಸೇವೆಯೇ ಅವನ ಕಾಯಕ. ಅವನಿಗಿಂತ ಬಹಳ ಮೊದಲೇ ಅಶೋಕ ಮಹಾರಾಜ, ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿ, ಔಷಧಿಯ ಗಿಡಮೂಲಿಕೆ ನೆಡಿಸಿದ್ದನ್ನು ಬಂಡೆಯ ಮೇಲೆ ಬರೆಸಿದ. ಆ ಅರಸನ ಶಾಸನಗಳು ನಮ್ಮ ಭೀಮೆಯ ದಂಡೆಯ ಸನ್ನತಿಯಲ್ಲೂ ಸಿಕ್ಕಿವೆ. ಪ್ರಜೆಯ ಆರೋಗ್ಯ ಅಂದಿನ ಅರಸನಿಗೆ ಧರ್ಮವಾಗಿತ್ತು. ಇಂದಿನ ಸರಕಾರಕ್ಕೂ ಅದು ಧರ್ಮ, ನಮಗೆ ಹಕ್ಕು.

ಬಯಲು ಪ್ರದೇಶದಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ಸರಕಾರದ್ದೇ ಮಾನದಂಡ. ಬರೀ ಕಟ್ಟಡ ನಿಂತರೆ ಸಾಲದು. ಒಳಗೆ ಡಾಕ್ಟರು, ನರ್ಸು, ಔಷಧಿ ಇರಬೇಕು. ನಡುರಾತ್ರಿ ಹೆರಿಗೆ ನೋವು ಬಂದ ಮಗಳಿಗೆ ಬಾಗಿಲು ತೆರೆದಿರಬೇಕು. ಇದನ್ನು ಕೇಳುವುದು ಭಿಕ್ಷೆಯಲ್ಲ. ಕೇಳದೆ ಸುಮ್ಮನಿರುವುದು ಸಹನೆಯೂ ಅಲ್ಲ. ಅದು ಪಕ್ಕದ ಮನೆಯ ನೋವಿಗೆ ಬೆನ್ನು ತಿರುಗಿಸಿದಂತೆ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಗಂಡಸರೂ ಹೆಂಗಸರೂ ಹೋಗಿರಿ. ಏನು ಕೊರತೆಯಿದೆಯೋ ಬರೆದುಕೊಡಿರಿ, ಉತ್ತರ ಬರುವತನಕ ಬಿಡಬೇಡಿರಿ. ಬಸುರಿ ಹೆಣ್ಣುಮಗಳ ಹೆಸರನ್ನು ಆಶಾ ಕಾರ್ಯಕರ್ತೆಯ ಬಳಿ ಮೊದಲ ತಿಂಗಳುಗಳಲ್ಲೇ ಬರೆಸಿರಿ. ರಾತ್ರಿ 108 ಆಂಬುಲೆನ್ಸಿಗೆ ಫೋನ್ ಮಾಡಿದ ಮೇಲೂ ತಡವಾದರೆ, ಗಾಡಿ ಇದ್ದವರು ಗಾಡಿ ತೆಗೆಯಿರಿ. ಬಾಡಿಗೆಯ ಮಾತು ಬೇಡ.

ರೊಟ್ಟಿಯ ಬುಟ್ಟಿ ಹೊತ್ತ ಕೈಗಳೇ ರೋಗಿಯ ಮಂಚವನ್ನೂ ಹಿಡಿಯಲಿ. ಅದೂ ದಾಸೋಹವೇ.